ಬಜರ್ ಬಿಲ್ಲೆಯೋ, ಕೆಟ್ಟ ಸ್ಟೆಬಿಲೈಜರಿನ ರಿಲೇಯೋ?

ಗುಜರಿ ಸಾಮಾನಿನಿಂದಲೇ ಒಂದು ತಂತಿ ವಾದ್ಯ ಕಟ್ಟುವ ಹಟ ನನ್ನದು. ಅದರ ದನಿ ಹಿಡಿಯಲು ಯಾವುದು ಸರಿ: ಬಜರಿನಲ್ಲಿ ಸದ್ದು ಮಾಡುವ ಪೀಜೋ ಬಿಲ್ಲೆಯೋ, ರಿಲೇ ಅನ್ನುವ ಕರೆಂಟಿನಿಂದ ನಡೆಯುವ ಸ್ವಿಚ್ಚಿನೊಳಗಿನ ಕಾಯಿಲೋ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ರಿಲೇ ಕಾಯಿಲ್‌ಗೆ. ಪೀಜೋ ಬಿಲ್ಲೆಯ ಜೊತೆ ಎರಡು ವಾರ ಒದ್ದಾಡಿದವನು ನಾನು. ನನ್ನಿಂದ ಪೂರ್ತಿ ನ್ಯಾಯ ನಿರೀಕ್ಷಿಸಬೇಡಿ.

ವಾದ್ಯ ದೊಡ್ಡದೇನಲ್ಲ. ಚೌಕದ ಬಿಸ್ಕತ್ತು ಡಬ್ಬ, ಮುರಿದ ಮಂಚದ ಪಟ್ಟಿ, ಸೈಕಲ್ ಬ್ರೇಕ್ ವೈರಿನಿಂದ ಬಿಡಿಸಿದ ಮೂರು ಎಳೆ. ಸ-ಪ-ಸ ಶ್ರುತಿ. ಕೆಳಗಿನ ಸ ಸುಮಾರು 130 ಹರ್ಟ್ಸ್. ಎಲ್‌ಎಂ386 ಐಸಿಯ ಪುಟ್ಟ ಆಂಪ್ಲಿಫೈಯರ್, 9 ವೋಲ್ಟ್ ಬ್ಯಾಟರಿ, ಹಳೆ ಟಿವಿಯ ಸ್ಪೀಕರ್. ಇಷ್ಟೂ ಒಂದು ಭಾನುವಾರದಲ್ಲಿ ಮುಗಿಯಿತು. ಉಳಿದದ್ದು ತಂತಿಯ ನಡುಕವನ್ನು ಕರೆಂಟು ಮಾಡುವ ಪಿಕಪ್ ಒಂದೇ.

ಮಗಳ ಹಾಡುವ ಆಟಿಕೆಯಿಂದ ಹಿತ್ತಾಳೆಯ ಪೀಜೋ ಬಿಲ್ಲೆ ಕಿತ್ತೆ. 27 ಮಿಲಿಮೀಟರಿನದು, ನಡುಗಿದರೆ ಕರೆಂಟು ಹುಟ್ಟಿಸುತ್ತದೆ. ನಡುವಿನ ಬಿಳಿ ಭಾಗಕ್ಕೆ ಬೆಸುಗೆಯ ಕಬ್ಬಿಣ ಜಾಸ್ತಿ ಹೊತ್ತು ಇಟ್ಟೆ, ಮೇಲಿನ ಪದರವೇ ಎದ್ದು ಬಂತು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡಿಗೆ ಹೋಗಿ ಐದು ಹೊಸ ಬಿಲ್ಲೆ ತಂದೆ. ಗುಜರಿಯ ನೇಮ ಅಲ್ಲಿಗೇ ಮುರಿಯಿತು, ಇರಲಿ.

ಡಬ್ಬದೊಳಗೆ ಅಂಟಿಸಿ ತಂತಿ ಮೀಟಿದರೆ ಸೊಳ್ಳೆ ಹಾಡಿದ ಹಾಗೆ ಕೀಂಯ್ ಅನ್ನುತ್ತದೆ. ಕೆಳಗಿನ ಸ ಇದೆ ಅಂತ ಗೊತ್ತು, ಕಿವಿಗೆ ಮಾತ್ರ ಬೀಳುವುದಿಲ್ಲ. ಬೆಸುಗೆ ಬಿಡಿಸಿ ಮತ್ತೆ ಹಾಕಿದೆ. ಸ್ಪೀಕರ್ ಬದಲಿಸಿದೆ. ಬಿಲ್ಲೆಯನ್ನು ಡಬ್ಬದಿಂದ ಕಿತ್ತು, ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ಕೆಳಗೆ ಇಟ್ಟೆ. ತಗಡಿನ ತಪ್ಪಿರಬೇಕು ಅಂತ ಡಬ್ಬದೊಳಗೆ ಹಳೆ ಬನಿಯನ್ನನ್ನೂ ತುರುಕಿದೆ. ಕೀಂಯ್ ಹೋಗಲಿಲ್ಲ.

ತಪ್ಪು ಇದ್ದದ್ದು ವಾಲ್ಯೂಮ್ ತಿರುಗಣೆಯಲ್ಲಿ! ಎಲ್‌ಎಂ386ರ ಮುಂದೆ ಎಲ್ಲರೂ ಹಾಕುವ ಹಾಗೆ ನಾನೂ 10 ಕಿಲೋ ಓಮ್‌ನದು ಹಾಕಿದ್ದೆ. ಪೀಜೋ ಬಿಲ್ಲೆ ಅಂದರೆ ಒಂದು ಸಣ್ಣ ಕೆಪಾಸಿಟರ್ ಇದ್ದ ಹಾಗೆ, ಸುಮಾರು 20 ನ್ಯಾನೋಫ್ಯಾರಡ್. ಅದಕ್ಕೆ 10 ಕಿಲೋ ಓಮ್ ಸೇರಿದರೆ ಸುಮಾರು 800 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಸೋರಿಹೋಗುತ್ತದೆ. ನನ್ನ 130 ಹರ್ಟ್ಸ್ ಎಲ್ಲಿ ಉಳಿದೀತು? ತಿರುಗಣೆಯನ್ನೇ ಕಿತ್ತು ಹಾಕಿದೆ. ಆದರೆ ಐಸಿಯ ಒಳಗೇ 50 ಕಿಲೋ ಓಮ್ ಇದೆ, ಆಗಲೂ 160ರ ಹತ್ತಿರ ಗಡಿ. ಕೊನೆಗೆ ಟಿಎಲ್072 ಐಸಿಯಿಂದ ಬಫರ್, ಅಂದರೆ ಬಿಲ್ಲೆಯ ಮೇಲೆ ಹೊರೆ ಬೀಳದಂತೆ ನಡುವೆ ನಿಲ್ಲುವ ಸರ್ಕಿಟ್, ಕಟ್ಟಿ, 1 ಮೆಗಾ ಓಮ್ ರೆಸಿಸ್ಟರ್ ಹಾಕಿದ ಮೇಲೆ ಕೆಳಗಿನ ಸ ತುಂಬಿ ಬಂತು. ಜೊತೆಗೆ ತೋಳು ಡಬ್ಬಕ್ಕೆ ತಾಗಿದರೂ ಧಡ್, ಅಂಗಿಯ ಗುಂಡಿ ಉಜ್ಜಿದರೂ ಕರ್ರ್. ಸ್ವಲ್ಪ ಜೋರು ಮಾಡಿದರೆ ತಗಡು ತಾನೇ ಊಳಿಡುತ್ತದೆ. ನೈಲಾನ್ ತಂತಿ ಹಾಕುವವರಿಗೆ ಈ ಎರಡರಲ್ಲಿ ಬಿಲ್ಲೆಯೇ ಗತಿ, ಅದು ನಿಜ.

ಇನ್ನೊಂದು ಬಗೆಯ ಪಿಕಪ್ ಅಂದರೆ ಮ್ಯಾಗ್ನೆಟ್ಟಿನ ಜೊತೆಗಿನ ಕಾಯಿಲ್; ಅದರ ಮೇಲೆ ಉಕ್ಕಿನ ತಂತಿ ನಡುಗಿದರೆ ಕಾಯಿಲ್‌ನಲ್ಲಿ ಕರೆಂಟು ಹುಟ್ಟುತ್ತದೆ. ಅದನ್ನು ಕೈಯಲ್ಲೇ ಸುತ್ತುವ ಬಗ್ಗೆ ಜಾಸ್ತಿ ಹೇಳಲಾರೆ. ಗಿಟಾರ್ ಪಿಕಪ್ಪಿಗೆ ಏಳೆಂಟು ಸಾವಿರ ಸುತ್ತು ಬೇಕು. ಕೆಟ್ಟ ಅಡಾಪ್ಟರಿನಿಂದ ಬಿಚ್ಚಿದ ಕೂದಲೆಳೆಯಂಥ ತಂತಿಯನ್ನು ಡ್ರಿಲ್ ಮೆಷಿನ್ನಿಗೆ ಸಿಕ್ಕಿಸಿ ಸುತ್ತಿದೆ. ಎರಡು ಸಾವಿರ ದಾಟುವಷ್ಟರಲ್ಲಿ ಫಟ್. ಮತ್ತೆ ಸುತ್ತಿದೆ, ಮತ್ತೆ ಫಟ್. ಮುಂದೆ ಕ್ವೀನ್ ತಂಡದಲ್ಲಿ ಹೆಸರು ಮಾಡಿದ ಬ್ರಯಾನ್ ಮೇ 1963ರಲ್ಲಿ ಅಪ್ಪನ ಜೊತೆ ಹಳೆ ಬೆಂಕಿಗೂಡಿನ ಮರದಿಂದ ಗಿಟಾರ್ ಕಟ್ಟಲು ಶುರುಮಾಡಿದಾಗ ಪಿಕಪ್ಪನ್ನೂ ತಾವೇ ಸುತ್ತಿದ್ದರು. ಆಮೇಲೆ ಅಂಗಡಿಯದನ್ನೇ ಕೊಂಡು ಹಾಕಿದರು. ನನಗೆ ಅಷ್ಟು ಸಮಾಧಾನ ಸಾಕು.

ಈಗ ರಿಲೇ. ಅಟ್ಟದ ಮೇಲಿದ್ದ ಫ್ರಿಜ್ಜಿನ ಸ್ಟೆಬಿಲೈಜರ್ ಬಿಚ್ಚಿದರೆ 12 ವೋಲ್ಟಿನ ನಾಲ್ಕು ರಿಲೇ. ಪ್ರತಿಯೊಂದರಲ್ಲೂ ಕಾರ್ಖಾನೆಯೇ ಅಚ್ಚುಕಟ್ಟಾಗಿ ಸುತ್ತಿಟ್ಟ ಕಾಯಿಲ್, ನಡುವೆ ಕಬ್ಬಿಣದ ಕಡ್ಡಿ. ಹ್ಯಾಕ್ಸಾ ಬ್ಲೇಡಿನಲ್ಲಿ ಕವಚ ಸೀಳಿ, ಕಾಯಿಲ್ ಬಿಡಿಸಿ, ಬುಡಕ್ಕೆ ಪರ್ಸಿನ ಬಟನ್ನಿನ ಮ್ಯಾಗ್ನೆಟ್ ಅಂಟಿಸಿದೆ. ತಂತಿಗೊಂದು ಕಾಯಿಲ್. ಮೀಟರಿನಲ್ಲಿ ಒಂದೊಂದೂ 400 ಓಮ್ ತೋರಿಸಿತು, ಹಾಗಾಗಿ ಆ 10 ಕಿಲೋ ಓಮ್ ತಿರುಗಣೆಯಿಂದ ಏನೂ ತೊಂದರೆಯಿಲ್ಲ. ದನಿ ಸಣ್ಣದು, ನಿಜ. ಐಸಿಯ 1 ಮತ್ತು 8ನೇ ಕಾಲಿನ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ವರ್ಧನೆ 20ರಿಂದ 200ಕ್ಕೆ ಏರುತ್ತದೆ. ಸಾಕಾಯಿತು.

ಮನೆಯ ಕರೆಂಟಿನ ವೈರುಗಳಿಂದ ಬರುವ, ಗುಂಯ್ ಅನ್ನುವ 50 ಹರ್ಟ್ಸ್ ಕಾಟ ಇದ್ದೇ ಇತ್ತು. ಅದಕ್ಕೆ ನಡುವಿನ ಕಾಯಿಲ್‌ನ ಮ್ಯಾಗ್ನೆಟ್ಟನ್ನೂ ವೈರನ್ನೂ ತಿರುವುಮುರುವು ಮಾಡಿದೆ. ತಂತಿಯ ದನಿ ಕೂಡಿಕೊಂಡಿತು, ಗುಂಯ್ ಎರಡರಲ್ಲಿ ಕಳೆದುಹೋಯಿತು. ಮೂರನೆಯದರ ಗುಂಯ್ ಉಳಿಯಿತಲ್ಲ, ಅದಕ್ಕೆ ನಾಲ್ಕನೇ ರಿಲೇಯನ್ನು ಮ್ಯಾಗ್ನೆಟ್ ಇಲ್ಲದೆ, ವೈರು ತಿರುಗಿಸಿ ಸಾಲಿಗೆ ಸೇರಿಸಿದೆ. ಸದ್ದು ನಿಂತಾಗ ಬ್ಯಾಟರಿ ಮುಗಿಯಿತೇನೋ ಅಂದುಕೊಂಡೆ!

ತೊಂದರೆ ಇಲ್ಲವೆಂದಲ್ಲ. ತಂತಿ ಉಕ್ಕಿನದೇ ಆಗಬೇಕು. ಕಾಯಿಲ್ ದಪ್ಪ ಇರುವುದರಿಂದ ತಂತಿಗಳ ನಡುವೆ ಜಾಗ ಜಾಸ್ತಿ ಬಿಡಬೇಕು, ಬೆರಳು ಅದಕ್ಕೆ ಒಗ್ಗಬೇಕು. ಸ್ಟೆಬಿಲೈಜರ್ ಬಿಚ್ಚುವಾಗ ಪ್ಲಗ್ ಕಿತ್ತಿರಲಿ, ವಾದ್ಯ ಬ್ಯಾಟರಿಯಲ್ಲೇ ನಡೆಯಲಿ.

ನಾನು ನುಡಿಸುವುದು ರಾತ್ರಿ ಹತ್ತರ ಮೇಲೆ, ಹೆಡ್‌ಫೋನ್ ಹಾಕಿಕೊಂಡು. ಪೀಜೋ ಆದರೆ ಧಡ್, ಕರ್ರ್ ಆಗ ಸೀದಾ ಕಿವಿಯೊಳಗೇ. ಮೇಲಾಗಿ ಪೀಜೋಗೆ ಬಿಲ್ಲೆ, ಐಸಿ, ಬಸ್ ಚಾರ್ಜು ಸೇರಿ ಇನ್ನೂರು ರೂಪಾಯಿ ಹೋಯಿತು. ರಿಲೇಗೆ ಒಂದು ಹಳೆ ಪರ್ಸು ಮತ್ತು ಹೆಂಡತಿಯ ಒಂದು ನೋಟ.

ಉಳಿದ ನಾಲ್ಕು ಬಿಲ್ಲೆಯಲ್ಲಿ ಒಂದನ್ನು ಡಾಲ್ಡಾ ಡಬ್ಬದ ತಳಕ್ಕೆ ಅಂಟಿಸಿದ್ದೇನೆ. ಮಗಳು ಅದನ್ನು ತಮಟೆಯ ಹಾಗೆ ಬಡಿಯುತ್ತಾಳೆ. ಅಲ್ಲಿ ಆ ಧಡ್ ಚೆನ್ನಾಗಿಯೇ ಕೇಳುತ್ತದೆ.