ಜೋಲ್ಪಿಡೆಮ್ ಜೊತೆ ಒಂಬತ್ತು ತಿಂಗಳು: ನಿದ್ದೆ ಮಾತ್ರೆ ನುಂಗಿದವಳ ವಿಮರ್ಶೆ

ಬಳಸಿದ್ದು: ಜೋಲ್ಪಿಡೆಮ್ ಮಾತ್ರೆ. ಮೊದಲು 10 ಮಿಲಿಗ್ರಾಂ, ಆಮೇಲೆ 5.
ಅವಧಿ: 2022ರ ಜೂನ್‌ನಿಂದ 2023ರ ಮಾರ್ಚ್‌ವರೆಗೆ.
ಅಂಕ: ನಿದ್ದೆ ಬರಿಸುವುದಕ್ಕೆ ಐದಕ್ಕೆ ನಾಲ್ಕೂವರೆ. ನಿದ್ದೆಗೇಡು ವಾಸಿ ಮಾಡುವುದಕ್ಕೆ ಐದಕ್ಕೆ ಒಂದು.

ಮಿಕ್ಸಿ, ವಾಷಿಂಗ್ ಮೆಷಿನ್ ಬಗ್ಗೆ ಜನ ಪುಟಗಟ್ಟಲೆ ಬರೆಯುತ್ತಾರೆ. ನಿದ್ದೆ ಮಾತ್ರೆ ಬಗ್ಗೆ ಬರೆಯುವವರು ಕಡಿಮೆ. ನುಂಗುವವರು ಕಡಿಮೆ ಅಂತಲ್ಲ. ನಾನು ಬಾಯಿ ಬಿಟ್ಟ ಮೇಲೆ ನಮ್ಮ ಬ್ಯಾಂಕಿನ ಬ್ರಾಂಚಿನಲ್ಲೇ ಇಬ್ಬರು ಮೆಲ್ಲಗೆ ಬಂದು "ನಾನೂ ತಗೋತೀನಿ ಮೇಡಂ, ಯಾರಿಗೂ ಹೇಳಬೇಡಿ" ಅಂದರು. ಬಿಪಿ ಮಾತ್ರೆಗೆ ಇಲ್ಲದ ನಾಚಿಕೆ ಇದಕ್ಕೆ ಯಾಕೋ ಗೊತ್ತಿಲ್ಲ.

ನನ್ನ ಕಥೆ ಶುರುವಾಗಿದ್ದು ಆಸ್ಪತ್ರೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಅಪ್ಪನಿಗೆ ಸ್ಟ್ರೋಕ್ ಆಗಿ ಮೂರು ವಾರ ಆಸ್ಪತ್ರೆಯಲ್ಲಿದ್ದರು. ರಾತ್ರಿ ಪಾಳಿ ನನ್ನದು. ಅಪ್ಪ ಸುಧಾರಿಸಿಕೊಂಡು ಮನೆಗೆ ಬಂದರು, ಕೋಲು ಹಿಡಿದು ಅಂಗಳದಲ್ಲಿ ಓಡಾಡಿದರು. ನನ್ನ ನಿದ್ದೆ ಮಾತ್ರ ವಾಪಸ್ ಬರಲಿಲ್ಲ. ಹತ್ತಕ್ಕೆ ಮಲಗಿದರೆ ಒಂದೂವರೆ, ಎರಡರವರೆಗೂ ಫ್ಯಾನ್ ನೋಡುತ್ತಾ ಬಿದ್ದಿರುವುದು. ನನಗಾಗ 47 ವರ್ಷ. ಮುಟ್ಟು ನಿಲ್ಲುವ ಕಾಲದ ಬಿಸಿಬಿಸಿ ಬೆವರು ಬೇರೆ. ಬೆಳಿಗ್ಗೆ ಮೈಸೂರಿನಿಂದ ನಂಜನಗೂಡಿಗೆ ಹೋಗಿ ಕ್ಯಾಶ್ ಕೌಂಟರಿನಲ್ಲಿ ಕೂರಬೇಕು. ನಾಲ್ಕು ತಿಂಗಳು ಹೀಗೇ ಕಳೆಯಿತು. ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಕೆಟ್ಟು, ಅದು ಮೂರು ತಿಂಗಳು ದಾಟಿದರೆ ಡಾಕ್ಟರುಗಳು ಅದನ್ನು ದೀರ್ಘಕಾಲದ ನಿದ್ರಾಹೀನತೆ ಅನ್ನುತ್ತಾರಂತೆ. ನನ್ನದು ವಾರಕ್ಕೆ ಆರು ರಾತ್ರಿ.

ಮೊದಲು ಹೋದ ಡಾಕ್ಟರು ಐದು ನಿಮಿಷದಲ್ಲಿ 10 ಮಿಲಿಗ್ರಾಂ ಬರೆದುಕೊಟ್ಟರು. ಆ ಮೊದಲ ರಾತ್ರಿಯನ್ನು ಮರೆಯುವುದಿಲ್ಲ. ಹತ್ತೂವರೆಗೆ ನುಂಗಿದೆ. ಪಕ್ಕದ ಮನೆಯ ಟೀವಿಯ ಸದ್ದು ಕೇಳುತ್ತಿತ್ತು. ಆಮೇಲೆ ಕೇಳಿದ್ದು ಹಾಲಿನವನ ಬೆಲ್. ಮಧ್ಯೆ ಏನೂ ಇಲ್ಲ. ನಾಲ್ಕು ತಿಂಗಳ ನಂತರ ಮೊದಲ ಸಲ ನಿದ್ದೆ ಮಾಡಿ ಎದ್ದು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಅದಕ್ಕೇ ಈ ಮಾತ್ರೆಯನ್ನು ಸುಮ್ನೆ ಬೈಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಿದ್ದೆಯಿಲ್ಲದೆ ನಾಲ್ಕು ತಿಂಗಳು ಕಳೆದು ನೋಡಿ, ಆಮೇಲೆ ಮಾತಾಡೋಣ.

ಆದರೆ ಎರಡನೇ ವಾರದಿಂದ ಬೆಳಿಗ್ಗೆ ತಲೆ ಭಾರ. ಕಾಫಿ ಎರಡು ಲೋಟ ಇಳಿದರೂ ಮಂಪರು. ಒಂದು ದಿನ ಸ್ಕೂಟರನ್ನು ನಮ್ಮದೇ ಗೇಟಿಗೆ ಒರೆಸಿದೆ. ಇಪ್ಪತ್ತು ವರ್ಷದಿಂದ ಅದೇ ಗೇಟು, ಅದೇ ಜಾಗ. ಆಗ ಭಯವಾಯಿತು. ಬೇರೆ ಡಾಕ್ಟರ ಹತ್ತಿರ ಹೋದೆ, ಈ ಸಲ ಮನೋವೈದ್ಯರು.

ಅವರು ಮುಕ್ಕಾಲು ಗಂಟೆ ಕೂರಿಸಿಕೊಂಡು ಪ್ರಶ್ನೆ ಕೇಳಿದರು. ಗೊರಕೆ ಹೊಡೀತೀರಾ? ಮಲಗಿದಾಗ ಉಸಿರು ಕಟ್ಟುತ್ತೆ ಅಂತ ಮನೆಯವರು ಹೇಳಿದ್ದಾರಾ? ಥೈರಾಯ್ಡ್ ನೋಡಿಸಿದ್ದೀರಾ? ಬೇರೆ ಯಾವ ಮಾತ್ರೆ ನುಂಗ್ತೀರಾ? ಮನಸ್ಸು ತುಂಬಾ ಕುಗ್ಗಿದೆಯಾ? ಮೊದಲ ಡಾಕ್ಟರು ಇದರಲ್ಲಿ ಒಂದನ್ನೂ ಕೇಳಿರಲಿಲ್ಲ. ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಇರುವವರಿಗೆ ಇಂಥ ಮಾತ್ರೆ ಅಪಾಯ ತರಬಹುದು, ಅದಕ್ಕೇ ಗೊರಕೆ ಪ್ರಶ್ನೆ. ನನ್ನ ಕೇಸಿನಲ್ಲಿ ಕಳ್ಳ ಸಿಕ್ಕಿದ್ದು ನಾಲ್ಕನೇ ಪ್ರಶ್ನೆಯಲ್ಲಿ. ಧೂಳಿನ ಅಲರ್ಜಿಗೆ ಅಂತ ನಾನು ದಿನಾ ರಾತ್ರಿ ಸೆಟಿರಿಜಿನ್ ನುಂಗುತ್ತಿದ್ದೆ. ಅದೂ ಮಂಪರು ತರುತ್ತದೆ, ಇದೂ ತರುತ್ತದೆ. ಎರಡೂ ಸೇರಿ ಗೇಟಿಗೆ ಹೊಡೆಸಿದ್ದವು.

ಇನ್ನೊಂದು ಕಾರಣ ಡೋಸ್. ಜೋಲ್ಪಿಡೆಮ್‌ನ ಅರ್ಧಾಯುಷ್ಯ, ಅಂದರೆ ಮೈಯಲ್ಲಿ ಅದು ಅರ್ಧಕ್ಕೆ ಇಳಿಯಲು ಬೇಕಾದ ಹೊತ್ತು, ಸುಮಾರು ಎರಡೂವರೆ ಗಂಟೆ. ಹತ್ತೂವರೆಗೆ ನುಂಗಿದರೆ ಒಂದು ಗಂಟೆಗೆ ಅರ್ಧ, ಮೂರೂವರೆಗೆ ಕಾಲು, ಆರಕ್ಕೆ ಅರೆಕಾಲು ಪಾಲು ಉಳಿದಿರುತ್ತದೆ. ಇದು ಸರಾಸರಿ ಲೆಕ್ಕ. ಹೆಂಗಸರ ಮೈಯಿಂದ ಇದು ಇನ್ನೂ ನಿಧಾನವಾಗಿ ಹೊರಗೆ ಹೋಗುತ್ತದೆ. ಬೆಳಿಗ್ಗೆ ಗಾಡಿ ಓಡಿಸುವ ಹೊತ್ತಿಗೂ ರಕ್ತದಲ್ಲಿ ಸಾಕಷ್ಟು ಉಳಿದಿರಬಹುದು ಅಂತ ಗೊತ್ತಾಗಿ ಅಮೆರಿಕದ ಔಷಧ ನಿಯಂತ್ರಕರಾದ ಎಫ್‌ಡಿಎ 2013ರಲ್ಲಿ ಹೆಂಗಸರ ಡೋಸನ್ನು 10ರಿಂದ 5 ಮಿಲಿಗ್ರಾಂಗೆ ಇಳಿಸಿತು. ಆ ಮಾತ್ರೆ ಅಲ್ಲಿ ಮಾರುಕಟ್ಟೆಗೆ ಬಂದಿದ್ದು 1992ರ ಮಂಜೂರಾತಿಯ ನಂತರ. ಅಂದರೆ ಇಪ್ಪತ್ತು ವರ್ಷ ಹೆಂಗಸರು ಗಂಡಸರ ಡೋಸನ್ನೇ ನುಂಗಿದ್ದರು! ನನ್ನ ಚೀಟಿಯಲ್ಲಿ 10 ಇದ್ದದ್ದು 2022ರಲ್ಲಿ. ಇರಲಿ ಬಿಡಿ. 5ಕ್ಕೆ ಇಳಿಸಿ, ಸೆಟಿರಿಜಿನ್ ನಿಲ್ಲಿಸಿದ ಮೇಲೆ ತಲೆಭಾರ ವಾರದೊಳಗೆ ಹೋಯಿತು. ನಿದ್ದೆ ಮೊದಲಿನ ಹಾಗೇ ಬಂತು.

ಈಗ ಹೋಳಿಗೆ ಕಥೆ. ಮಾತ್ರೆ ನುಂಗಿದ ತಕ್ಷಣ ದೀಪ ಆರಿಸಿ ಮಲಗಬೇಕು ಅಂತ ಡಾಕ್ಟರು ಹೇಳಿದ್ದರು. ಒಂದು ರಾತ್ರಿ ನುಂಗಿ ಮಂಚದ ಮೇಲೆ ಕೂತಿದ್ದಾಗ ದಾವಣಗೆರೆಯಿಂದ ತಂಗಿಯ ಫೋನ್ ಬಂತು. ಎತ್ತಿದ್ದು ನೆನಪಿದೆ. ಇಟ್ಟಿದ್ದು ನೆನಪಿಲ್ಲ. ಹದಿನೈದು ದಿನ ಬಿಟ್ಟು ಅವಳು ಮತ್ತೆ ಫೋನ್ ಮಾಡಿ, "ಅಕ್ಕಾ, ಕಡ್ಲೆಬೇಳೆ ನಾನು ತಂದಿಡ್ಲಾ, ನೀನೇ ತರ್ತೀಯಾ?" ಅಂದಳು. ಯಾವ ಕಡ್ಲೆಬೇಳೆ? ಶ್ರಾವಣದಲ್ಲಿ ಅವಳ ಗೃಹಪ್ರವೇಶ. ಇನ್ನೂರು ಹೋಳಿಗೆ ನಾನೊಬ್ಬಳೇ ಮಾಡಿಕೊಡ್ತೀನಿ ಅಂತ ಆ ರಾತ್ರಿ ಮಾತು ಕೊಟ್ಟಿದ್ದೆನಂತೆ. ಇಪ್ಪತ್ತು ನಿಮಿಷ ಮಾತಾಡಿದ್ದೆನಂತೆ, ಚೆನ್ನಾಗೇ ಮಾತಾಡಿದ್ದೆನಂತೆ. ಒಂದಕ್ಷರ ನೆನಪಿಲ್ಲ. ಮಾತ್ರೆ ಕೆಲಸ ಶುರು ಮಾಡಿದ ಮೇಲೆ ಎಚ್ಚರವಿದ್ದರೆ ಹೊಸ ನೆನಪು ಮೂಡದೇ ಹೋಗಬಹುದು. ಹೋಳಿಗೆ ಮಾತ್ರ ಮಾಡಲೇಬೇಕಾಯಿತು.

ನಗುವ ವಿಷಯ, ನಿಜ. ಆದರೆ ಡಾಕ್ಟರು ನಗಲಿಲ್ಲ. ಕೆಲವರು ಈ ಮಾತ್ರೆ ನುಂಗಿ ಪೂರ್ತಿ ಎಚ್ಚರವಿಲ್ಲದೆ ಎದ್ದು ಅಡುಗೆ ಮಾಡಿದ್ದಾರೆ, ಕಾರು ಓಡಿಸಿದ್ದಾರೆ. ಸಾವುನೋವೂ ಆಗಿದೆ. 2019ರಲ್ಲಿ ಎಫ್‌ಡಿಎ ಇದಕ್ಕೆ ತನ್ನ ಅತಿ ಗಂಭೀರ ಎಚ್ಚರಿಕೆಯ ಚೌಕಟ್ಟು ಹಾಕಿಸಿತು. ಅಂಥದ್ದು ಒಂದೇ ಸಲ ಆದರೂ ಮಾತ್ರೆ ಅಲ್ಲಿಗೇ ನಿಲ್ಲಬೇಕು, ಮತ್ತೆ ಮುಟ್ಟಬಾರದು, ಡಾಕ್ಟರಿಗೆ ಹೇಳಬೇಕು. ನಾನಿನ್ನೂ ಮಲಗಿರಲಿಲ್ಲ, ನನ್ನದು ಬರೀ ಮರೆವು ಅಂತ ಡಾಕ್ಟರೇ ಹೇಳಿದ್ದಕ್ಕೆ ಬಚಾವ್. ಅವತ್ತಿನಿಂದ ಫೋನನ್ನು ನಡುಮನೆಯಲ್ಲಿ ಚಾರ್ಜಿಗೆ ಹಾಕಿ, ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಆರಿಸಿ, ಹಾಸಿಗೆ ಪಕ್ಕದಲ್ಲೇ ಮಾತ್ರೆ ನುಂಗಿ ಮಲಗುತ್ತಿದ್ದೆ.

ಊಟದ ಪಾಠವೂ ಹೀಗೇ ಬಂತು. ಒಂದು ರಾತ್ರಿ ತಡವಾಗಿ ಬಿಸಿಬೇಳೆಬಾತ್ ತುಪ್ಪ ಸುರಿದು ತಿಂದು ತಕ್ಷಣ ಮಾತ್ರೆ ನುಂಗಿದೆ. ಮುಕ್ಕಾಲು ಗಂಟೆಯಾದರೂ ನಿದ್ದೆಯಿಲ್ಲ. ಇನ್ನೊಂದು ನುಂಗೋಣ ಅಂತ ಕೈ ಡಬ್ಬಿಗೆ ಹೋಯಿತು. ಯಜಮಾನರು ಕಸಿದುಕೊಂಡರು. ಹೊಟ್ಟೆ ತುಂಬಿದ್ದರೆ ಮಾತ್ರೆ ರಕ್ತಕ್ಕೆ ಸೇರುವುದು ತಡ, ಅಷ್ಟೇ. ಒಂದು ರಾತ್ರಿಗೆ ಒಂದೇ ಮಾತ್ರೆ, ನಿದ್ದೆ ಬರಲಿ ಬಿಡಲಿ. ನಂತರ ಏಳೆಂಟು ಗಂಟೆ ಮಲಗಲು ಸಮಯ ಇಲ್ಲದಿದ್ದರೆ ಆ ರಾತ್ರಿ ಮಾತ್ರೆಯೇ ಇಲ್ಲ. ಹಾಗಾಗಿ ದಾವಣಗೆರೆಯ ರಾತ್ರಿ ಬಸ್ಸಿನಲ್ಲಿ ನಾನೆಂದೂ ನುಂಗಿಲ್ಲ. ನಸುಕಿನ ನಾಲ್ಕಕ್ಕೆ ಕಂಡಕ್ಟರ್ ಎಬ್ಬಿಸಿದರೆ ಎಲ್ಲಿ ಇಳಿದೆ ಅನ್ನುವುದೇ ಗೊತ್ತಿರುವುದಿಲ್ಲ. ಇನ್ನು ಕುಡಿಯುವವರು: ಆ ದಿನ ಒಂದು ಪೆಗ್ ಇಳಿದಿದ್ದರೂ ಮಾತ್ರೆ ಬೇಡ. ಎರಡೂ ಸೇರಿದರೆ ಉಸಿರಾಟವೇ ಕುಗ್ಗಬಹುದು. ಟ್ರಮಡಾಲ್ ಥರದ ಗಟ್ಟಿ ನೋವಿನ ಮಾತ್ರೆಗಳ ಜೊತೆಗೂ ಇದೇ ಭಯ.

ಮೆಡಿಕಲ್ ಶಾಪ್ ವಿಷಯ. ಇದು ಶೆಡ್ಯೂಲ್ ಎಚ್1 ಔಷಧ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ನಿಯಮ. ಚೀಟಿ ಇಲ್ಲದೆ ಕೊಡುವಂತಿಲ್ಲ. ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಮಾತ್ರೆ ಅನ್ನುವುದನ್ನು ಅಂಗಡಿಯವರು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ನನ್ನ ಅಂಗಡಿಯವನು ಬರೆಯುತ್ತಿದ್ದ. ಮೊದಮೊದಲು ಕಳ್ಳಿಯ ಹಾಗೆ ನಿಲ್ಲುತ್ತಿದ್ದೆ. ಆಮೇಲೆ ಅನ್ನಿಸಿತು, ಆ ರಿಜಿಸ್ಟರು ನನ್ನ ಪರವಾಗಿಯೇ ಇದೆ. ತಿಂಗಳಿಗೆ ಎಷ್ಟು ಒಯ್ದೆ ಅಂತ ನಾನು ಮರೆತರೂ ಅದು ಮರೆಯುವುದಿಲ್ಲ.

ನಮ್ಮತ್ತೆಗೆ 74. "ನಂಗೂ ನಿದ್ದೆ ಬರಲ್ಲ, ಅರ್ಧ ಮುರಿದು ಕೊಡೇ" ಅಂತ ಕೇಳುತ್ತಲೇ ಇದ್ದರು. ಕೊಡಲಿಲ್ಲ. ಮನೆಯಲ್ಲಿ ಸಣ್ಣ ಜಗಳವೇ ಆಯಿತು. ವಯಸ್ಸಾದವರು ಇದನ್ನು ನುಂಗಿ ರಾತ್ರಿ ಬಚ್ಚಲಿಗೆ ಎದ್ದರೆ ತೂಕ ತಪ್ಪಿ ಬೀಳಬಹುದು, ಸೊಂಟದ ಮೂಳೆ ಮುರಿಯಬಹುದು. ಬೇಕಿದ್ದರೆ ಅವರ ಡಾಕ್ಟರು ಕೊಡಲಿ. ಡಬ್ಬಿಯನ್ನು ಬೀರುವಿನೊಳಗೆ ಇಟ್ಟು ಬೀಗ ಹಾಕಿದೆ. ಮಗನೂ ಮನೆಯಲ್ಲಿದ್ದ, ಅದಕ್ಕೂ ಸೇರಿಸಿ.

ಇಷ್ಟೆಲ್ಲ ನಿಯಮ ಪಾಲಿಸಿದೆ. ಆದರೂ ಒಂದು ವಿಷಯ ಗಮನಿಸಲೇ ಇಲ್ಲ. ಎರಡು ಮೂರು ವಾರಕ್ಕೆ ಅಂತ ಶುರುವಾದದ್ದು ನಾಲ್ಕನೇ ತಿಂಗಳಿಗೆ ಬಂದಿತ್ತು. ಸಂಜೆ ಆರಕ್ಕೇ ಡಬ್ಬಿಯಲ್ಲಿ ಎಷ್ಟಿದೆ ಅಂತ ಎಣಿಸುತ್ತಿದ್ದೆ. ಊರಿಗೆ ಹೊರಟರೆ ಸೀರೆಗಿಂತ ಮೊದಲು ಮಾತ್ರೆ ಬ್ಯಾಗಿಗೆ.

ದಸರಾ ರಜೆಯಲ್ಲಿ ಹಟ ಬಂತು. ಯಾರಿಗೂ ಹೇಳದೆ ನಿಲ್ಲಿಸಿದೆ. ಮೂರು ರಾತ್ರಿ ಕಣ್ಣು ಮುಚ್ಚಲಿಲ್ಲ. ಎದೆ ಡವಡವ, ಮೈ ಬೆವರು. ನಾಲ್ಕನೇ ರಾತ್ರಿ ಸೋತು ನುಂಗಿದೆ. ನನಗೆ ಮಾತ್ರೆಯಿಲ್ಲದೆ ಬದುಕೇ ಇಲ್ಲ ಅಂದುಕೊಂಡೆ. ಡಾಕ್ಟರು ಬೈದರು. ಅದು ಹಳೆಯ ಕಾಯಿಲೆ ಮರಳಿದ್ದಲ್ಲ, ಮಾತ್ರೆಯನ್ನು ತಟ್ಟನೆ ಕಿತ್ತುಕೊಂಡಿದ್ದಕ್ಕೆ ಮೆದುಳು ತಿರುಗಿಬಿದ್ದದ್ದು ಅಂದರು. ಮೆದುಳನ್ನು ಶಾಂತ ಮಾಡುವ ಗಾಬಾ ಅನ್ನುವ ರಾಸಾಯನಿಕದ ಕೆಲಸವನ್ನು ಈ ಮಾತ್ರೆ ಜೋರು ಮಾಡುತ್ತದೆ. ಬ್ರೇಕ್ ಒತ್ತಿದ ಹಾಗೆ. ತಿಂಗಳುಗಟ್ಟಲೆ ಒತ್ತಿದ ಕಾಲನ್ನು ಒಮ್ಮೆಲೇ ತೆಗೆದರೆ ಗಾಡಿ ಮುನ್ನುಗ್ಗುತ್ತದೆ. ಜಾಸ್ತಿ ಡೋಸನ್ನು ತುಂಬಾ ದಿನ ನುಂಗಿದವರು ಹೀಗೆ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು. ನನ್ನ ಹಾಗೆ ಹಟ ಮಾಡಬೇಡಿ.

ಆಗ ಅವರು ಸಿಬಿಟಿ-ಐ ಅನ್ನುವ ಚಿಕಿತ್ಸೆಗೆ ಕಳಿಸಿದರು. ನಿದ್ರಾಹೀನತೆಗೆ ಅಂತಲೇ ಇರುವ ವರ್ತನೆ ಚಿಕಿತ್ಸೆ. ದೊಡ್ಡವರಲ್ಲಿ ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕು ಅಂತ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಅನ್ನುವ ಅಲ್ಲಿನ ವೈದ್ಯರ ಸಂಘ 2016ರಲ್ಲೇ ಹೇಳಿದೆ. ನನಗೆ ಕೊನೆಗೆ ಸಿಕ್ಕಿತು.

ಮೊದಲು ಎರಡು ವಾರ ಡೈರಿ. ಎಷ್ಟಕ್ಕೆ ಮಲಗಿದೆ, ಎಷ್ಟಕ್ಕೆ ನಿದ್ದೆ ಬಂತು, ಎಷ್ಟಕ್ಕೆ ಎದ್ದೆ. ಲೆಕ್ಕ ನೋಡಿದರೆ ನಾನು ಹಾಸಿಗೆಯಲ್ಲಿ ಕಳೆಯುತ್ತಿದ್ದದ್ದು ಒಂಬತ್ತೂವರೆ ಗಂಟೆ, ನಿದ್ದೆ ಐದೂವರೆ. ಥೆರಪಿಸ್ಟ್ ಹೇಳಿದ್ದು ಕೇಳಿ ತಮಾಷೆ ಮಾಡ್ತಿದ್ದಾರೆ ಅಂದುಕೊಂಡೆ. "ಹನ್ನೆರಡರವರೆಗೆ ಮಲಗಬೇಡಿ. ಐದೂವರೆಗೆ ಏಳಿ. ಭಾನುವಾರವೂ." ನಿದ್ದೆ ಬಾರದವಳಿಗೆ ನಿದ್ದೆಗೆಡಿಸುವ ಔಷಧ! ಇಪ್ಪತ್ತು ನಿಮಿಷದಲ್ಲಿ ನಿದ್ದೆ ಬರದಿದ್ದರೆ ಎದ್ದು ಹೊರಗೆ ಬರಬೇಕು, ತೂಕಡಿಕೆ ಬಂದಾಗಲೇ ವಾಪಸ್. ಹಾಸಿಗೆ ಅಂದರೆ ಫ್ಯಾನ್ ನೋಡುವ ಜಾಗ ಅಂತ ಮೆದುಳು ಕಲಿತುಬಿಟ್ಟಿದೆ, ಅದನ್ನು ಮರೆಸಬೇಕು ಅಂತ ವಾದ. ಆಸ್ಪತ್ರೆಯ ರಾತ್ರಿಗಳು ನಿದ್ದೆ ಕೆಡಿಸಿದ್ದು ನಿಜ. ಕೆಟ್ಟಿದ್ದನ್ನು ಹಾಗೇ ಉಳಿಸಿಕೊಂಡಿದ್ದು ಮಾತ್ರ ಬೇಗ ಮಲಗುವುದು, ಮಧ್ಯಾಹ್ನ ಅಡ್ಡಾಗುವುದು, ಸಂಜೆ ಆರರ ಫಿಲ್ಟರ್ ಕಾಫಿ.

ಅದು ಡಿಸೆಂಬರ್, ಅವರೆಕಾಯಿ ಕಾಲ. ಹನ್ನೆರಡರವರೆಗೆ ಎಚ್ಚರ ಇರುವುದು ಹೇಗೆ? ದಿನಾ ರಾತ್ರಿ ಒಂದು ಬುಟ್ಟಿ ಅವರೆಕಾಯಿ ಸುಲಿದು, ನೆನೆಸಿದ್ದನ್ನು ಹಿತಕುತ್ತಾ ಕೂತೆ. ಆ ಚಳಿಗಾಲ ನಮ್ಮ ಬೀದಿಯ ನಾಲ್ಕು ಮನೆಗೆ ಹಿತಕಿದ ಬೇಳೆ ಹೋಯಿತು. ಮೊದಲ ಹತ್ತು ದಿನ ನರಕ. ಹಗಲು ಜೋಂಪು, ಸಿಡುಕು. ಸ್ಕೂಟರ್ ಮುಟ್ಟಲಿಲ್ಲ, ಯಜಮಾನರೇ ಬಸ್ ಸ್ಟ್ಯಾಂಡಿಗೆ ಬಿಡುತ್ತಿದ್ದರು. ಫಿಟ್ಸ್ ಅಥವಾ ಬೈಪೋಲಾರ್ (ಮನಸ್ಸು ವಿಪರೀತ ಏರಿಳಿಯುವ ಕಾಯಿಲೆ) ಇರುವವರು ಇದನ್ನು ಸ್ವಂತಕ್ಕೆ ಮಾಡಬಾರದು, ನಿದ್ದೆಗೇಡು ಅವರಿಗೆ ಅಪಾಯ. ಹನ್ನೆರಡನೇ ರಾತ್ರಿ ಅವರೆ ಬುಟ್ಟಿಯ ಮುಂದೆಯೇ ತಲೆ ವಾಲಿತು. ಆಮೇಲೆ ಹಾಸಿಗೆಯಲ್ಲಿದ್ದ ಹೊತ್ತಿನಲ್ಲಿ ನೂರಕ್ಕೆ 85 ಪಾಲು ನಿದ್ದೆ ಬಂದ ವಾರಕ್ಕೆ ಹದಿನೈದು ನಿಮಿಷ ಬೋನಸ್.

ಹಾಸಿಗೆಯ ಹೊತ್ತು ಏಳೆಂಟು ಗಂಟೆಗಿಂತ ಕಡಿಮೆ ಇದ್ದದ್ದರಿಂದ ಡಾಕ್ಟರ ನಿಗಾದಲ್ಲೇ ಜೊತೆಗೇ ಮಾತ್ರೆ ಇಳಿಸಿದೆವು. ವಾರಕ್ಕೆ ಎರಡು ರಾತ್ರಿ ಅರ್ಧ, ಆಮೇಲೆ ನಾಲ್ಕು ರಾತ್ರಿ, ಆಮೇಲೆ ಎಲ್ಲ ರಾತ್ರಿ ಅರ್ಧ, ಆಮೇಲೆ ಒಂದು ದಿನ ಬಿಟ್ಟು ಒಂದು ದಿನ. ಒಟ್ಟು ಹತ್ತು ವಾರ. ಇದು ನನಗೆ ಅಂತ ಡಾಕ್ಟರು ಬರೆದ ಲೆಕ್ಕ, ನಿಮ್ಮದು ಬೇರೆ ಇರುತ್ತದೆ. ನಿಧಾನವಾಗಿ ಕರಗುವ ಸಿಆರ್ ಮಾತ್ರೆಯಾದರೆ ಮುರಿಯಲೇಬಾರದು, ನನ್ನದು ಸಾದಾ ಮಾತ್ರೆ. ಎರಡು ಸಲ ಒಂದು ಹೆಜ್ಜೆ ಹಿಂದೆ ಹೋಗಿದ್ದೂ ಉಂಟು. ಡಾಕ್ಟರು ಬೈಯಲಿಲ್ಲ.

ಖರ್ಚು: ಮಾತ್ರೆ ಒಂದಕ್ಕೆ ಆಗ ಹತ್ತು ರೂಪಾಯಿ ಆಸುಪಾಸು. ಥೆರಪಿ ಆರು ಸೆಷನ್, ಅದಕ್ಕಿಂತ ಬಹಳ ಜಾಸ್ತಿ. ಐದು ನಿಮಿಷದಲ್ಲಿ ಚೀಟಿ ಸಿಗುತ್ತದೆ, ಆರು ವಾರ ಕೂತು ಕಲಿಸುವವರು ಎಲ್ಲ ಊರಿನಲ್ಲೂ ಇಲ್ಲ. ನನ್ನ ದೊಡ್ಡ ದೂರು ಇದೇ, ಮಾತ್ರೆಯ ಮೇಲಲ್ಲ. ಬೆಂಗಳೂರಿನ ನಿಮ್ಹಾನ್ಸ್ ಇದೆ. ದೂರದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ. ರಾತ್ರಿಯೂ ಎತ್ತುತ್ತಾರೆ, ನಮ್ಮಂಥವರಿಗೆ ಅದೇ ಅಲ್ವಾ ಬೇಕಾದದ್ದು.

ಕೊನೆಯ ಭೇಟಿಯಲ್ಲಿ ಉಳಿದ ಆರು ಮಾತ್ರೆಯನ್ನು ಡಾಕ್ಟರ ಮೇಜಿನ ಮೇಲಿಟ್ಟು ಬಂದೆ. ಮನೆಯಲ್ಲಿದ್ದರೆ ಒಂದಲ್ಲ ಒಂದು ರಾತ್ರಿ ಬೀರುವಿನ ಕೀಲಿ ಹುಡುಕುತ್ತೇನೆ, ನನಗೆ ನಾನು ಗೊತ್ತು. ಈಗ ಮಲಗುವುದು ಹನ್ನೊಂದೂಕಾಲಿಗೆ. ತಿಂಗಳಿಗೆ ಎರಡು ಮೂರು ರಾತ್ರಿ ಕೆಡುತ್ತದೆ. ಆಗ ಎದ್ದು ನಡುಮನೆಗೆ ಬಂದು ಸಣ್ಣ ದೀಪದಲ್ಲಿ ಕೂರುತ್ತೇನೆ. ಅವರೆಕಾಯಿ ಕಾಲವಲ್ಲದಿದ್ದರೆ ಬೆಳ್ಳುಳ್ಳಿ ಸುಲಿಯುತ್ತೇನೆ. ತಂಗಿ ಈಗಲೂ ರಾತ್ರಿ ಹತ್ತರ ಮೇಲೆ ಫೋನ್ ಮಾಡಿದರೆ ಮೊದಲು ಕೇಳುವುದು, "ಎಚ್ಚರ ಇದ್ದೀಯಾ, ಇಲ್ಲಾ ಹೋಳಿಗೆ ಆರ್ಡರ್ ಕೊಡ್ಲಾ?"