ರಿಫಂಡ್‌ನಲ್ಲಿ ಪಾಲು ಕೇಳುವವರಿಗೆ ನಿಮ್ಮ ಪಾಸ್‌ವರ್ಡ್ ಕೊಡಬೇಡಿ

ಬಾಗಲಕೋಟೆ, ಮುಧೋಳ, ಜಮಖಂಡಿ ಕಡೆಯ ಶಿಕ್ಷಕರು, ಪೊಲೀಸರು, ಸಾರಿಗೆ ಸಂಸ್ಥೆಯ ನೌಕರರು, ಒಟ್ಟಿನಲ್ಲಿ ಸಂಬಳದಿಂದ ಟಿಡಿಎಸ್ ಕಡಿತವಾಗುವ ಎಲ್ಲರೂ ಇದನ್ನು ದಯವಿಟ್ಟು ಪೂರ್ತಿ ಓದಬೇಕು. ಕಡಿತವಾದ ಆದಾಯ ತೆರಿಗೆಯನ್ನು ವಾಪಸ್ ಕೊಡಿಸುತ್ತೇನೆ, ಬಂದದ್ದರಲ್ಲಿ ಶೇಕಡಾ 20ರಷ್ಟು ನನಗೆ ಕೊಟ್ಟರೆ ಸಾಕು ಎಂದು ಹೇಳಿಕೊಂಡು ಶಾಲೆ, ಕಚೇರಿಗಳಿಗೆ ಬರುವವರಿದ್ದಾರೆ. ಅಂಥ ಒಬ್ಬನನ್ನು ನಂಬಿದ ನನ್ನ ಅಣ್ಣನಿಗೆ 62,400 ರೂಪಾಯಿ ರಿಫಂಡ್ ಬಂದಿತು. ಅದರಲ್ಲಿ 12,480 ರೂಪಾಯಿ ಆ ಮನುಷ್ಯನ ಪಾಲಾಯಿತು. ಎರಡು ವರ್ಷಗಳ ನಂತರ ಅಣ್ಣ ಸರ್ಕಾರಕ್ಕೆ ಮರಳಿ ಕಟ್ಟಿದ್ದು 93,600 ರೂಪಾಯಿ, ಅದರ ಮೇಲೆ ಬಡ್ಡಿ ಬೇರೆ.

ಅಣ್ಣ ಮುಧೋಳ ತಾಲ್ಲೂಕಿನ ಪ್ರೌಢಶಾಲೆಯೊಂದರ ಶಿಕ್ಷಕ. ಅವನ ಕೆಜಿಐಡಿ (ಸರ್ಕಾರಿ ನೌಕರರ ವಿಮೆ), ಎನ್‌ಪಿಎಸ್ (ಪಿಂಚಣಿ ವಂತಿಗೆ), ಎಲ್‌ಐಸಿ ಕಂತು, ಮಕ್ಕಳ ಬೋಧನಾ ಶುಲ್ಕ, ವೃತ್ತಿ ತೆರಿಗೆ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದೇ ಬಟವಾಡೆ ಅಧಿಕಾರಿ ತೆರಿಗೆ ಕಡಿತ ಮಾಡಿದ್ದರು. ಕಚೇರಿ ಕೊಡುವ ಟಿಡಿಎಸ್ ಪ್ರಮಾಣಪತ್ರವಾದ ಫಾರ್ಮ್ 16ರಲ್ಲಿ ಎಲ್ಲವೂ ಸರಿಯಾಗಿತ್ತು. ಅಂದರೆ ಅವನಿಗೆ ಒಂದು ರೂಪಾಯಿಯೂ ವಾಪಸ್ ಬರಬೇಕಾಗಿರಲಿಲ್ಲ. 2023ರ ಜುಲೈನಲ್ಲಿ ಶಾಲೆಗೆ ಬಂದ ಆ ಮನುಷ್ಯ, "ಗುರುಗಳೇ, ನಿಮ್ಮ ರೊಕ್ಕ ಸರ್ಕಾರದ ಹತ್ತಿರ ಬಿದ್ದಿದೆ. ನಿಮ್ಮ ಕಚೇರಿಯವರಿಗೆ ಎಲ್ಲ ಸೆಕ್ಷನ್ ಗೊತ್ತಿರುವುದಿಲ್ಲ" ಎಂದ. ಪಾನ್, ಆಧಾರ್, ಫಾರ್ಮ್ 16ರ ಪ್ರತಿ ತೆಗೆದುಕೊಂಡ. ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನ ಪಾಸ್‌ವರ್ಡ್ ಕೇಳಿದ. ಅಣ್ಣನ ಹೆಸರಿನಲ್ಲಿ ರಿಟರ್ನ್, ಅಂದರೆ ವರ್ಷದ ಆದಾಯ ಮತ್ತು ತೆರಿಗೆಯ ಲೆಕ್ಕ, ತುಂಬಿದ. ಕೊನೆಗೆ ಅಣ್ಣನ ಮೊಬೈಲಿಗೆ ಬಂದ ಒಟಿಪಿಯನ್ನೂ ಕೇಳಿ ಪಡೆದ. ಆ ಆಧಾರ್ ಒಟಿಪಿ ಎಂದರೆ ಕಾನೂನಿನ ಕಣ್ಣಿನಲ್ಲಿ ಸಹಿ. 'ಈ ರಿಟರ್ನ್‌ನಲ್ಲಿ ಇರುವುದೆಲ್ಲ ನನಗೆ ತಿಳಿದಂತೆ ಸತ್ಯ' ಎಂಬ ಘೋಷಣೆಗೆ ಅಣ್ಣ ಸಹಿ ಹಾಕಿದಂತಾಯಿತು. ಆದರೆ ರಿಟರ್ನ್‌ನಲ್ಲಿ ಏನಿದೆ ಎಂಬುದನ್ನು ಅವನಿಗೆ ಯಾರೂ ತೋರಿಸಿರಲಿಲ್ಲ.

ಅದರಲ್ಲಿ ತೆರಿಗೆ ಇಳಿಸಲು ಆದಾಯದಿಂದ ಕಳೆದು ತೋರಿಸಿದ್ದ ಕಡಿತಗಳು (ಡಿಡಕ್ಷನ್) ಇಷ್ಟು. ಸೆಕ್ಷನ್ 80ಜಿಜಿಸಿ ಅಡಿ ಒಂದು ರಾಜಕೀಯ ಪಕ್ಷಕ್ಕೆ 1,60,000 ರೂಪಾಯಿ ದೇಣಿಗೆ. ಸೆಕ್ಷನ್ 80ಇ ಅಡಿ ಶಿಕ್ಷಣ ಸಾಲಕ್ಕೆ 65,000 ರೂಪಾಯಿ ಬಡ್ಡಿ. ಸೆಕ್ಷನ್ 80ಯು ಅಡಿ ಅಂಗವೈಕಲ್ಯಕ್ಕೆ 75,000 ರೂಪಾಯಿ. ಮೂರೂ ಸೇರಿ ಮೂರು ಲಕ್ಷ. ಅಣ್ಣನ ಆದಾಯ, ಇಂಥ ಕಡಿತಗಳು ಸಿಗುವ ಹಳೆಯ ತೆರಿಗೆ ಪದ್ಧತಿಯ ಶೇಕಡಾ 20ರ ಹಂತದಲ್ಲಿತ್ತು. ಸೆಸ್ ಸೇರಿಸಿದರೆ ಶೇಕಡಾ 20.8. ಮೂರು ಲಕ್ಷಕ್ಕೆ ಅದೇ 62,400 ರೂಪಾಯಿ.

ಅಣ್ಣ ಯಾವ ಪಕ್ಷಕ್ಕೂ ದೇಣಿಗೆ ಕೊಟ್ಟವನಲ್ಲ. ಶಿಕ್ಷಣ ಸಾಲ ಮಾಡಿದವನೂ ಅಲ್ಲ. ಇವತ್ತಿಗೂ ಸಂಜೆ ಮಕ್ಕಳ ಜೊತೆ ವಾಲಿಬಾಲ್ ಆಡುತ್ತಾನೆ. ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿದ್ದು ಆ ಮೂರನೆಯ ಸುಳ್ಳು. ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇದೆ ಎಂದು ವೈದ್ಯಕೀಯ ಪ್ರಮಾಣಪತ್ರ ಪಡೆದವರಿಗೆ ಕಾನೂನು ಕೊಟ್ಟಿರುವ ಸೌಲಭ್ಯ ಅದು. ಖರ್ಚಿನ ರಸೀದಿ ತೋರಿಸುವ ಅಗತ್ಯವಿಲ್ಲದೆ ನಿಗದಿತ 75,000 ರೂಪಾಯಿ ಸಿಗುತ್ತದೆ, ತೀವ್ರ ಅಂಗವೈಕಲ್ಯವಿದ್ದರೆ 1,25,000. ರಸೀದಿ ಬೇಕಾಗಿಲ್ಲ ಎಂಬುದನ್ನೇ ಇಂಥವರು ದುರುಪಯೋಗ ಮಾಡಿಕೊಳ್ಳುತ್ತಾರೆ. ನಿಜವಾಗಿ ಆ ಕಷ್ಟ ಉಣ್ಣುತ್ತಿರುವ ನೌಕರರನ್ನು ನಾಳೆ ಅಧಿಕಾರಿಗಳು ಅನುಮಾನದಿಂದ ನೋಡುವಂತಾದರೆ ಅದಕ್ಕೆ ಇವರೇ ಕಾರಣ.

"ರಿಫಂಡ್ ಬಂದಿದೆಯಲ್ಲ, ಇಲಾಖೆ ಒಪ್ಪಿಕೊಂಡಂತೆ ಆಗಲಿಲ್ಲವೇ?" ಅಣ್ಣನ ಸಹೋದ್ಯೋಗಿಗಳು ನನಗೆ ಅತಿ ಹೆಚ್ಚು ಕೇಳಿದ ಪ್ರಶ್ನೆ ಇದು. ಇಲ್ಲ, ಹಾಗೆ ಆಗುವುದಿಲ್ಲ. ರಿಟರ್ನ್ ಜೊತೆಗೆ ನಾವು ಯಾವ ದಾಖಲೆಯನ್ನೂ ಲಗತ್ತಿಸುವುದಿಲ್ಲ. ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದಲ್ಲಿ ಕಂಪ್ಯೂಟರ್ ನಾವು ಬರೆದ ಅಂಕಿಗಳನ್ನು ಕೂಡಿ ಕಳೆದು, ಟಿಡಿಎಸ್ ಮಾಹಿತಿಯೊಂದಿಗೆ ತಾಳೆ ನೋಡಿ, 143(1)ರ ಸೂಚನಾಪತ್ರ ಕಳಿಸುತ್ತದೆ. ದೇಣಿಗೆ ನಿಜವೋ ಸುಳ್ಳೋ ಎಂಬ ವಿಚಾರಣೆ ಆ ಹಂತದಲ್ಲಿ ಆಗಿರುವುದಿಲ್ಲ. ಅದು ಆಮೇಲೆ ನಡೆಯುತ್ತದೆ, ವರ್ಷಗಳ ನಂತರವೂ ನಡೆಯಬಹುದು. ಖಾತೆಗೆ ಹಣ ಬಿದ್ದ ದಿನ ಅಣ್ಣ ಎಷ್ಟು ನೆಮ್ಮದಿಯಿಂದ ಇದ್ದ ಎಂದರೆ ಇನ್ನೂ ಕೆಲವರಿಗೆ ಆ ಮನುಷ್ಯನ ನಂಬರ್ ಕೊಟ್ಟ. ಹೀಗೆ ಒಂದು ಶಾಲೆಯಿಂದ ಇನ್ನೊಂದು ಶಾಲೆಗೆ ಇದು ಹಬ್ಬಿತು.

ಎಲ್ಲಕ್ಕಿಂತ ದೊಡ್ಡ ಅಪಾಯ ಇರುವುದು ಕಣ್ಣಿಗೆ ಕಾಣದ ಇನ್ನೊಂದು ಕೆಲಸದಲ್ಲಿ. ಆತ ಪೋರ್ಟಲ್‌ನಲ್ಲಿ ಅಣ್ಣನ ಇ-ಮೇಲ್ ಮತ್ತು ಮೊಬೈಲ್ ಸಂಖ್ಯೆಯನ್ನು ತೆಗೆದು ತನ್ನದನ್ನು ಹಾಕಿದ್ದ. ಅಲ್ಲಿಂದ ಮುಂದೆ ಇಲಾಖೆ ಕಳಿಸಿದ ಒಂದು ಸಂದೇಶವೂ ಅಣ್ಣನಿಗೆ ತಲುಪಲಿಲ್ಲ. ಅದೇ ಮನುಷ್ಯನಿಂದ ರಿಟರ್ನ್ ತುಂಬಿಸಿದ್ದ ಇನ್ನೊಬ್ಬ ಶಿಕ್ಷಕರ ಮೊಬೈಲ್ ಸಂಖ್ಯೆ ಮಾತ್ರ ಹೇಗೋ ಬದಲಾಗದೆ ಉಳಿದಿತ್ತು. 2025ರ ಆರಂಭದಲ್ಲಿ ಅವರಿಗೆ, ನಿಮ್ಮ ಕಡಿತಗಳನ್ನು ಪರಿಶೀಲಿಸಿ, ತಪ್ಪಿದ್ದರೆ ರಿಟರ್ನ್ ತಿದ್ದಿ ಎಂಬ ಸಂದೇಶ ಬಂದಿತು. ತಿದ್ದುವುದು ತಡವಾದಷ್ಟೂ ತೆರಿಗೆಯ ಮೇಲೆ ಕಟ್ಟುವ ಹೆಚ್ಚುವರಿ ತೆರಿಗೆ ಏರುತ್ತದೆ. ಅವರು ಮಾರ್ಚ್ ಮುಗಿಯುವ ಮೊದಲೇ ತಿದ್ದಿಸಿ, ಶೇಕಡಾ 25ರ ಹೆಚ್ಚುವರಿ ತೆರಿಗೆಯೊಂದಿಗೆ ಪಾರಾದರು. ಅಣ್ಣನಿಗೆ ವಿಷಯ ಗೊತ್ತಾದದ್ದು ಜುಲೈನಲ್ಲಿ. ಆಗ ಹೆಚ್ಚುವರಿ ತೆರಿಗೆ ಶೇಕಡಾ 50 ಆಗಿತ್ತು. ಬೇರೊಬ್ಬನ ಇ-ಮೇಲ್ ವಿಳಾಸ ಕೂತಿದ್ದ ಒಂದೇ ಕಾರಣಕ್ಕೆ 15,600 ರೂಪಾಯಿ ಹೆಚ್ಚಿಗೆ ಹೋಯಿತು.

ಜುಲೈನಲ್ಲಿ ಗೊತ್ತಾದದ್ದು ಪತ್ರಿಕೆಗಳ ಸುದ್ದಿಯಿಂದ. 2025ರ ಜುಲೈ 14ರಂದು ಆದಾಯ ತೆರಿಗೆ ಇಲಾಖೆ ದೇಶದ ಸುಮಾರು 150 ಕಡೆ ಇಂಥ ಏಜೆಂಟರ ಮೇಲೆ ಪರಿಶೀಲನಾ ಕಾರ್ಯಾಚರಣೆ ನಡೆಸಿತು. ಅದಕ್ಕೆ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ತೆರಿಗೆದಾರರು ತಾವಾಗಿಯೇ ರಿಟರ್ನ್ ತಿದ್ದಿ 1,045 ಕೋಟಿ ರೂಪಾಯಿಯ ಸುಳ್ಳು ಕ್ಲೇಮುಗಳನ್ನು ಹಿಂದಕ್ಕೆ ಪಡೆದಿದ್ದಾರೆ ಎಂದು ಇಲಾಖೆ ತಿಳಿಸಿತು. ತಾತ್ಕಾಲಿಕ ಇ-ಮೇಲ್ ವಿಳಾಸ ಸೃಷ್ಟಿಸಿ ರಾಶಿ ರಾಶಿ ರಿಟರ್ನ್ ತುಂಬಿ, ಆಮೇಲೆ ಆ ವಿಳಾಸವನ್ನೇ ಕೈಬಿಡುವುದು ಇವರ ರೂಢಿ ಎಂದೂ ಇಲಾಖೆಯ ಪ್ರಕಟಣೆಯಲ್ಲಿತ್ತು. ಅದನ್ನು ಓದಿದ ಕೂಡಲೇ ನಾನು ಅಣ್ಣನಿಗೆ ಫೋನ್ ಮಾಡಿದೆ. ನಾನು ಸಿ.ಎ. ಅಲ್ಲ, ಒಂದು ಸಹಕಾರಿ ಸಂಘದಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವಳು. ಆದರೆ ಖಾತೆ ತೆರೆದು ನೋಡುವಷ್ಟು ತಿಳಿವಳಿಕೆ ಯಾರಿಗಾದರೂ ಸಾಕು. ಪಾಸ್‌ವರ್ಡ್ ಮರೆತಿದ್ದೇನೆ ಎಂಬ ಕಡೆ ಒತ್ತಿ, ಆಧಾರ್‌ಗೆ ಜೋಡಣೆಯಾದ ಅಣ್ಣನ ಮೊಬೈಲಿಗೆ ಬಂದ ಒಟಿಪಿ ಹಾಕಿ ಹೊಸ ಪಾಸ್‌ವರ್ಡ್ ಮಾಡಿದೆವು. ಏಜೆಂಟನ ನೆರವಿಲ್ಲದೆಯೇ ಖಾತೆ ನಮ್ಮ ಕೈಗೆ ಬಂದಿತು. ಪ್ರೊಫೈಲ್‌ನಲ್ಲಿ ಇದ್ದ ಅಪರಿಚಿತ ಇ-ಮೇಲ್ ನೋಡಿ ವೈನಿ ಅಲ್ಲೇ ಕುರ್ಚಿಯಲ್ಲಿ ಕುಸಿದು ಕೂತರು.

ಆ ಮನುಷ್ಯನ ಫೋನ್ ಆಗಲೇ ಬಂದ್ ಆಗಿತ್ತು. ನವನಗರದಲ್ಲಿ ಅವನು ಬಾಡಿಗೆಗೆ ಹಿಡಿದಿದ್ದ ಕೋಣೆಗೆ ಬೀಗ ಬಿದ್ದಿತ್ತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಏಜೆಂಟ್ ಮಾಡಿದ್ದು, ನನಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ತೆರಿಗೆ ಮನ್ನಾ ಆಗುವುದಿಲ್ಲ. ಪಾನ್ ಯಾರದ್ದೋ ಹೊಣೆ ಅವರದ್ದು. ಸುಳ್ಳು ಮಾಹಿತಿಯಿಂದ ಆದಾಯ ಕಡಿಮೆ ತೋರಿಸಿದ್ದು ವಿಚಾರಣೆಯಲ್ಲಿ ಸಾಬೀತಾದರೆ ಸೆಕ್ಷನ್ 270ಎ ಪ್ರಕಾರ ಆ ತೆರಿಗೆಯ ಶೇಕಡಾ 200ರಷ್ಟು ದಂಡವಿದೆ. ಅಣ್ಣನ ಲೆಕ್ಕದಲ್ಲಿ ಅದು 1,24,800 ರೂಪಾಯಿ, ತೆರಿಗೆ ಮತ್ತು ಬಡ್ಡಿ ಇದಕ್ಕೆ ಹೊರತು. ಮೊಕದ್ದಮೆಯ ಅವಕಾಶವೂ ಕಾನೂನಿನಲ್ಲಿದೆ. ಆದ್ದರಿಂದ ಬಾಗಲಕೋಟೆಯ ಒಬ್ಬ ಸಿ.ಎ. ಅವರ ಮೂಲಕ ಪರಿಷ್ಕೃತ ಲೆಕ್ಕವನ್ನು ಐಟಿಆರ್-ಯು ನಮೂನೆಯಲ್ಲಿ ಸಲ್ಲಿಸಿದೆವು. ಅವರು ಮೊದಲೇ ಹೇಳಿದ ನಿಗದಿತ ಶುಲ್ಕ ತೆಗೆದುಕೊಂಡರು, ಪ್ರತಿ ಅಂಕಿಯನ್ನೂ ಅಣ್ಣನಿಗೆ ತೋರಿಸಿ ಒಪ್ಪಿಗೆ ಪಡೆದರು. ರಿಫಂಡ್ ಕೊಡಿಸಿ ಅದರಲ್ಲಿ ಶೇಕಡಾವಾರು ಪಾಲು ಕೇಳುವುದಕ್ಕೆ ಸಿ.ಎ.ಗಳ ವೃತ್ತಿ ನಿಯಮವೇ ಅವಕಾಶ ಕೊಡುವುದಿಲ್ಲ ಎಂಬುದನ್ನೂ ಅವರಿಂದಲೇ ಕೇಳಿದೆ. ನಿಮ್ಮ ಮುಂದೆ ಕುಳಿತವನು ಪಾಲಿನ ಮಾತು ತೆಗೆದ ಕ್ಷಣವೇ ಎದ್ದು ಬರಲು ಇಷ್ಟು ಕಾರಣ ಸಾಕು.

ಇನ್ನು ಕೆಲವು ಪ್ರಶ್ನೆಗಳು. ಟಿಡಿಎಸ್ ಕಡಿತವಾಗಿದೆ, ಫಾರ್ಮ್ 16 ಬಂದಿದೆ, ಮತ್ತೆ ರಿಟರ್ನ್ ಏಕೆ ಎನ್ನುತ್ತಾರೆ. ಫಾರ್ಮ್ 16 ಎಂದರೆ ತೆರಿಗೆ ಕಡಿದುಕೊಂಡವರು ಕೊಡುವ ಪ್ರಮಾಣಪತ್ರ, ರಿಟರ್ನ್ ನಾವು ಬೇರೆಯಾಗಿ ಸಲ್ಲಿಸಬೇಕು. ರಿಯಾಯಿತಿಯಿಂದ ತೆರಿಗೆ ಸೊನ್ನೆಯಾದರೂ ಒಟ್ಟು ಆದಾಯ ಮೂಲ ವಿನಾಯಿತಿ ಮಿತಿ ದಾಟಿದ್ದರೆ ರಿಟರ್ನ್ ಕಡ್ಡಾಯ. ಸಲ್ಲಿಸಿದ 30 ದಿನಗಳೊಳಗೆ ಇ-ವೆರಿಫೈ ಮಾಡದಿದ್ದರೆ ಸಕಾಲಕ್ಕೆ ಸಲ್ಲಿಸಿದ್ದು ಲೆಕ್ಕಕ್ಕೆ ಬರುವುದಿಲ್ಲ. ಪತ್ತಿನ ಸಂಘದ ಠೇವಣಿಯ ಬಡ್ಡಿಯನ್ನು ತೋರಿಸಬೇಕೇ ಎಂದು ನಮ್ಮ ಸಂಘದ ಸದಸ್ಯರೇ ಕೇಳುತ್ತಾರೆ. ತೋರಿಸಬೇಕು. ಟಿಡಿಎಸ್ ಕಡಿತವಾಗದಿದ್ದರೂ ಅದು ಆದಾಯವೇ. ಪೋರ್ಟಲ್‌ನಲ್ಲಿ ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿ ಇದೆ, ರಿಟರ್ನ್ ತುಂಬುವ ಮೊದಲು ಅದನ್ನೊಮ್ಮೆ ಇಳಿಸಿಕೊಂಡು ನೋಡಿ.

2025-26ರ ಆರ್ಥಿಕ ವರ್ಷದಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲ. ಸಂಬಳದಾರರಿಗೆ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 12.75 ಲಕ್ಷದವರೆಗೆ ಇಲ್ಲ. ಅಣ್ಣನಂಥ ಹೆಚ್ಚಿನ ಶಿಕ್ಷಕರು ಈಗ ಇದರೊಳಗೇ ಬರುತ್ತಾರೆ. ಹೀಗಿದ್ದೂ ಯಾರಾದರೂ ಹಳೆಯ ಪದ್ಧತಿಗೆ ಹೋಗೋಣ, ಅಲ್ಲಿ ಡಿಡಕ್ಷನ್ ಸಿಗುತ್ತದೆ ಎಂದರೆ, ಯಾವ ಡಿಡಕ್ಷನ್, ಅದರ ರಸೀದಿ ಎಲ್ಲಿ ಎಂದು ಕೇಳಿ. ಈಗಿನ ನಮೂನೆಗಳಲ್ಲಿ ಪಾಲಿಸಿ ಸಂಖ್ಯೆ, ಸಾಲದ ಖಾತೆ ಸಂಖ್ಯೆ, ದೇಣಿಗೆ ಪಾವತಿಯ ಬ್ಯಾಂಕ್ ವಿವರ ಎಲ್ಲವನ್ನೂ ಕೇಳುತ್ತಾರೆ. ಇವನ್ನೂ ಕಟ್ಟುಕಥೆಯಾಗಿ ತುಂಬುವವರಿದ್ದಾರೆ, ಹಾಗೆ ತುಂಬಿದರೆ ಸಿಕ್ಕಿಬೀಳುವುದು ಇನ್ನೂ ಬೇಗ.

ನಮ್ಮ ಜಿಲ್ಲೆಗೇ ಸೇರಿದ ಇನ್ನೊಂದು ಸಂಗತಿಯನ್ನು ಬಿಡುವಂತಿಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವುದಕ್ಕಾಗಿ ಭೂಸ್ವಾಧೀನ ನಡೆಯುವ ಊರುಗಳಲ್ಲಿಯೂ ಈ ಪಾಲುಗಾರರು ತಿರುಗುತ್ತಾರೆ. 2013ರ ಭೂಸ್ವಾಧೀನ ಕಾಯ್ದೆಯಡಿ ಬಂದ ಪರಿಹಾರಕ್ಕೆ ಆ ಕಾಯ್ದೆಯ 96ನೇ ಸೆಕ್ಷನ್ ಪ್ರಕಾರ ಆದಾಯ ತೆರಿಗೆ ಇಲ್ಲ. ಹೆಚ್ಚುವರಿ ಪರಿಹಾರದ ಮೇಲಿನ ಬಡ್ಡಿಗೆ ತೆರಿಗೆ ಇದೆ, ಆದರೆ ಅದರಲ್ಲಿ ಅರ್ಧಭಾಗ ಕಳೆಯಲು ಅವಕಾಶವಿದೆ. ಒಬ್ಬ ರೈತರಿಗೆ 2024-25ರಲ್ಲಿ ಆರು ಲಕ್ಷ ಬಡ್ಡಿ ಬಂದು 60,000 ರೂಪಾಯಿ ಟಿಡಿಎಸ್ ಹೋಗಿದೆ ಎನ್ನಿ. ಅರ್ಧ ಕಳೆದರೆ ಉಳಿಯುವ ಮೂರು ಲಕ್ಷ ಹೊಸ ಪದ್ಧತಿಯ ಅಂದಿನ ಮೂಲ ವಿನಾಯಿತಿಯೊಳಗೇ ಇದೆ. ತೆರಿಗೆಗೆ ಒಳಪಡುವ ಬೇರೆ ಆದಾಯ ಇಲ್ಲದಿದ್ದರೆ ಅಷ್ಟೂ ಹಣ ನ್ಯಾಯವಾಗಿ ಅವರಿಗೆ ವಾಪಸ್ ಬರಬೇಕು. ಭೂಮಿ ಕಳೆದುಕೊಂಡವರ ಆ ಹಣದಲ್ಲಿ 12,000 ರೂಪಾಯಿ ಕಿತ್ತುಕೊಳ್ಳಲು ಇವರಿಗೆ ಯಾವ ಹಕ್ಕಿದೆ? ಪಾನ್ ಕೊಡದಿದ್ದರೆ ಟಿಡಿಎಸ್ ಶೇಕಡಾ 20 ಆಗುತ್ತದೆ ಎಂಬುದನ್ನೂ ಮನೆಯ ಹಿರಿಯರಿಗೆ ತಿಳಿಸಿ.

ಇಂಥವರಿಂದ ರಿಟರ್ನ್ ತುಂಬಿಸಿದ್ದರೆ ಇವತ್ತೇ ಪೋರ್ಟಲ್ ತೆರೆದು ಪ್ರೊಫೈಲ್‌ನಲ್ಲಿರುವ ಇ-ಮೇಲ್, ಮೊಬೈಲ್, ಬ್ಯಾಂಕ್ ಖಾತೆ ನಿಮ್ಮದೇ ಹೌದೋ ಅಲ್ಲವೋ ನೋಡಿ. ಹಿಂದಿನ ವರ್ಷಗಳ ರಿಟರ್ನ್‌ಗಳನ್ನು ಇಳಿಸಿಕೊಂಡು ಕಡಿತಗಳ ಪುಟವನ್ನು ಫಾರ್ಮ್ 16ರ ಪಕ್ಕದಲ್ಲಿಟ್ಟು ಓದಿ. ತೊಡಕಾದರೆ ಇಲಾಖೆಯ ಸಹಾಯವಾಣಿ 1800 103 0025. ನೋಟಿಸ್ ಬಂದಿದೆ, ಇಷ್ಟು ಕೊಟ್ಟರೆ ಮುಚ್ಚಿಹಾಕುತ್ತೇನೆ ಎಂದು ಯಾರಾದರೂ ಕಾಗದ ತೋರಿಸಿದರೆ, ಅದರ ಮೇಲಿರುವ ಡಿಐಎನ್ ಎಂಬ ದಾಖಲೆ ಗುರುತಿನ ಸಂಖ್ಯೆ ಅಸಲಿಯೇ ಎಂದು ಲಾಗಿನ್ ಆಗದೆಯೇ ಪೋರ್ಟಲ್‌ನಲ್ಲಿ ಪರೀಕ್ಷಿಸಬಹುದು.

ಸುಳ್ಳು ಕಡಿತ ಕಂಡರೆ ತಡಮಾಡಬೇಡಿ. 2022-23ರ ಆರ್ಥಿಕ ವರ್ಷದ ರಿಟರ್ನ್ ತಿದ್ದಲು 2026ರ ಮಾರ್ಚ್ 31ರವರೆಗೆ ಹೆಚ್ಚುವರಿ ತೆರಿಗೆ ಶೇಕಡಾ 50, ಅಲ್ಲಿಂದ 2027ರ ಮಾರ್ಚ್ 31ರವರೆಗೆ 60, 2028ರ ಮಾರ್ಚ್ 31ರವರೆಗೆ 70. 2023-24ರ ರಿಟರ್ನ್‌ಗೆ ಇದೇ ದರಗಳು ಒಂದು ವರ್ಷ ತಡವಾಗಿ ಅನ್ವಯಿಸುತ್ತವೆ. ತೆರಿಗೆ ಕಟ್ಟಿದ ಮೇಲೆಯೇ ಐಟಿಆರ್-ಯು ಸಲ್ಲಿಸಲು ಬರುತ್ತದೆ. ಆ ವರ್ಷದ ವಿಚಾರಣೆ ಒಮ್ಮೆ ಶುರುವಾದರೆ ಈ ದಾರಿ ಮುಚ್ಚಿಹೋಗಬಹುದು, ಆಗ ಸಿ.ಎ. ಅಥವಾ ತೆರಿಗೆ ವಕೀಲರ ಮೂಲಕ ಉತ್ತರಿಸಬೇಕಾಗುತ್ತದೆ.