ಲ್ಯಾಂಗ್ವೇಜ್‌ಟೂಲ್: ನಮ್ಮ ಇಂಗ್ಲಿಷ್ ತಪ್ಪುಗಳನ್ನು ಎಷ್ಟರ ಮಟ್ಟಿಗೆ ಹಿಡಿಯುತ್ತದೆ?

ಇಂಗ್ಲಿಷ್ ವ್ಯಾಕರಣ ತಿದ್ದುವ ತಂತ್ರಾಂಶ ಅಂದ ತಕ್ಷಣ ಎಲ್ಲರ ಬಾಯಿಗೆ ಬರುವುದು ಗ್ರಾಮರ್ಲಿ. ಆದರೆ ಕಾಸು ಕೊಡದೆ, ಬರೆದದ್ದನ್ನು ಯಾರದೋ ಸರ್ವರಿಗೆ ಕಳಿಸದೆ ಕೆಲಸ ಆಗಬೇಕು ಅನ್ನುವವರು ನೋಡಬೇಕಾದ್ದು ಲ್ಯಾಂಗ್ವೇಜ್‌ಟೂಲ್. ಡೇನಿಯಲ್ ನಾಬರ್ 2003ರಲ್ಲಿ ಜರ್ಮನಿಯಲ್ಲಿ ತಮ್ಮ ಓದಿನ ಭಾಗವಾಗಿ ಶುರು ಮಾಡಿದ ಮುಕ್ತ ತಂತ್ರಾಂಶ (ಯಾರು ಬೇಕಾದರೂ ಬಳಸಬಹುದಾದ, ಬದಲಿಸಬಹುದಾದ ತಂತ್ರಾಂಶ) ಇದು. ವೆಬ್‌ಸೈಟಿನಲ್ಲೂ ಸಿಗುತ್ತದೆ, ಅಲ್ಲಿ ಹಣ ಕೊಟ್ಟವರಿಗೆ ಹೆಚ್ಚಿನ ಸೌಲಭ್ಯಗಳಿವೆ. ಈ ವಿಮರ್ಶೆ ನಮ್ಮದೇ ಕಂಪ್ಯೂಟರಿನಲ್ಲಿ ಇಂಟರ್ನೆಟ್ ಇಲ್ಲದೆ ನಡೆಯುವ ಉಚಿತ ಆವೃತ್ತಿಯದು. ವೈಟ್‌ಫೀಲ್ಡಿನ ಆಫೀಸುಗಳಲ್ಲಿ ಕಂಪನಿಯ ಕಾಗದಪತ್ರ ಹೊರಗಿನ ಸೈಟಿಗೆ ಪೇಸ್ಟ್ ಮಾಡುವಂತಿಲ್ಲ ಅನ್ನುವ ಕಟ್ಟುಪಾಡಿನಲ್ಲಿ ಇರುವವರಿಗೆ ಇದೊಂದೇ ಕಾರಣ ಸಾಕು.

ಹಾಕಿಕೊಳ್ಳುವುದು ಕಷ್ಟವೇನಲ್ಲ. ಇದು ನಡೆಯಲು ಜಾವಾ ಎಂಬ ಇನ್ನೊಂದು ತಂತ್ರಾಂಶ ಮೊದಲೇ ಇರಬೇಕು, ಅದೂ 17 ಅಥವಾ ಅದಕ್ಕಿಂತ ಹೊಸ ಆವೃತ್ತಿ. ಹಳೇ ಜಾವಾ ಇದ್ದರೆ ಲ್ಯಾಂಗ್ವೇಜ್‌ಟೂಲಿನ ಹೊಸ ಆವೃತ್ತಿ ತೆರೆದುಕೊಳ್ಳುವುದೇ ಇಲ್ಲ. ಇಳಿಸಿಕೊಂಡ ಜಿಪ್ ಬಿಚ್ಚಿ ಲ್ಯಾಂಗ್ವೇಜ್‌ಟೂಲ್ ಹೆಸರಿನ ಜಾರ್ ಫೈಲನ್ನು (ಹೆಸರಿನ ಕೊನೆಗೆ .jar ಇರುವುದು) ಡಬಲ್ ಕ್ಲಿಕ್ ಮಾಡಿದರೆ ಕಿಟಕಿ ತೆರೆಯುತ್ತದೆ. ಆಪ್ಷನ್ಸ್‌ಗೆ ಹೋಗಿ ಸರ್ವರ್ ಆಗಿ ನಡೆಸುವ ಆಯ್ಕೆಗೆ ಟಿಕ್ ಹಾಕಿ (ಇದು ನಿಮ್ಮ ಕಂಪ್ಯೂಟರಿನ ಒಳಗೇ ನಡೆಯುವ ಸರ್ವರ್), ಬೇರೆ ತಂತ್ರಾಂಶಗಳು ಇದನ್ನು ತಲುಪುವ ಬಾಗಿಲ ಸಂಖ್ಯೆಯಾದ ಪೋರ್ಟ್ 8081 ಇರಲಿ. ಆಮೇಲೆ ವರ್ಡ್‌ನಂಥ ಉಚಿತ ತಂತ್ರಾಂಶವಾದ ಲಿಬ್ರೆ ಆಫೀಸ್ 7.4 ಅಥವಾ ಅದಕ್ಕಿಂತ ಹೊಸದರಲ್ಲಿ ಟೂಲ್ಸ್, ಆಪ್ಷನ್ಸ್, ಲ್ಯಾಂಗ್ವೇಜ್ ಸೆಟ್ಟಿಂಗ್ಸ್ (ಹೊಸ ಆವೃತ್ತಿಗಳಲ್ಲಿ ಲ್ಯಾಂಗ್ವೇಜಸ್ ಆ್ಯಂಡ್ ಲೊಕೇಲ್ಸ್) ಒಳಗಿನ ಲ್ಯಾಂಗ್ವೇಜ್‌ಟೂಲ್ ಸರ್ವರ್ ಪುಟದಲ್ಲಿ ಲೋಕಲ್‌ಹೋಸ್ಟ್ ಅಂದರೆ ನಮ್ಮದೇ ಕಂಪ್ಯೂಟರಿನ ವಿಳಾಸ, ಪೋರ್ಟ್, ಕೊನೆಗೆ ‘ವಿ2’ ಸೇರಿಸಿ (http://localhost:8081/v2) ಕೊಟ್ಟರೆ ಬರೆಯುತ್ತಿದ್ದ ಹಾಗೇ ತಪ್ಪಿನ ಕೆಳಗೆ ಗೆರೆ ಬೀಳುತ್ತದೆ.

ಎಲ್ಲಾ ಸರಿ ಮಾಡಿದರೂ ಗೆರೆಯೇ ಬರುತ್ತಿಲ್ಲ ಅನ್ನುವ ದೂರಿಗೆ ಒಂದು ಕಾರಣ ಇದಿರಬಹುದು: ಆ ಪ್ಯಾರಾದ ಭಾಷೆ ಇಂಗ್ಲಿಷ್ ಬದಲು ಕನ್ನಡದಂಥ ಬೇರೆ ಭಾಷೆ ಎಂದು ಗುರುತಾಗಿರುತ್ತದೆ. ಲ್ಯಾಂಗ್ವೇಜ್‌ಟೂಲಿನಲ್ಲಿ ತಮಿಳಿದೆ, ಕನ್ನಡ ಇಲ್ಲ. ಇದು ಬೇಸರದ ಸಂಗತಿಯೇ. ಪಠ್ಯವನ್ನೆಲ್ಲ ಸೆಲೆಕ್ಟ್ ಮಾಡಿ ಭಾಷೆಯನ್ನು ಇಂಗ್ಲಿಷ್ ಯುಕೆ ಮಾಡಿ. ಅಮೆರಿಕದ ಇಂಗ್ಲಿಷ್ ಇಟ್ಟುಕೊಂಡರೆ ನಾವು ಶಾಲೆಯಲ್ಲಿ ಕಲಿತ ಸ್ಪೆಲ್ಲಿಂಗುಗಳೇ ತಪ್ಪಾಗಿ ಕಾಣುತ್ತವೆ. ಬಸವನಗುಡಿ, ಯಲಹಂಕ, ಮನೆಯವರ ಹೆಸರು ಇವುಗಳ ಕೆಳಗೂ ಕೆಂಪು ಗೆರೆ ಬೀಳುತ್ತದೆ. ಒಂದು ಸಲ ನಿಘಂಟಿಗೆ ಸೇರಿಸಿದರೆ ಮುಗಿಯಿತು.

ಇನ್ನು ಅಸಲು ಕೆಲಸ. ಇದು ಮುಖ್ಯವಾಗಿ ನಡೆಯುವುದು ನಿಯಮಗಳ ಮೇಲೆ. ವಾಕ್ಯವನ್ನು ಪದಗಳಾಗಿ ಬಿಡಿಸಿ, ಯಾವುದು ನಾಮಪದ ಯಾವುದು ಕ್ರಿಯಾಪದ ಎಂದು ಗುರುತು ಹಾಕಿ, ಅಕ್ಕಪಕ್ಕದ ಪದಗಳನ್ನು ತಪ್ಪಿನ ಮಾದರಿಗಳ ಜೊತೆ ಹೋಲಿಸುತ್ತದೆ. ಹಾಗಾಗಿ ‘ಹಿ ಡಿಡ್ ನಾಟ್ ವೆಂಟ್’ ಕೂಡಲೇ ಸಿಕ್ಕಿಬೀಳುತ್ತದೆ, ಡಿಡ್ ಆದ ಮೇಲೆ ಗೋ ಬರಬೇಕು ಎಂದು ಸೂಚಿಸುತ್ತದೆ. ‘ಎ ಅವರ್’ ಅಂದರೆ ‘ಆ್ಯನ್ ಅವರ್’ ಮಾಡುತ್ತದೆ. ಪತ್ರದ ಕೊನೆಗೆ ನಮ್ಮವರು ಬರೆಯುವ ‘ಲುಕ್ ಫಾರ್ವರ್ಡ್ ಟು ಹಿಯರ್’ ಅನ್ನು ‘ಹಿಯರಿಂಗ್’ ಮಾಡಿಸುತ್ತದೆ. ತಪ್ಪು ನಾಲ್ಕೈದು ಪದಗಳ ಒಳಗಿದ್ದರೆ ಇದನ್ನು ನಂಬಬಹುದು.

ಕರ್ತೃ ಮತ್ತು ಕ್ರಿಯಾಪದದ ನಡುವೆ ದೂರ ಬೆಳೆದಷ್ಟೂ ನಂಬಿಕೆ ಕಡಿಮೆ ಮಾಡಿಕೊಳ್ಳಿ. ‘ದ ಕ್ವಾಲಿಟಿ ಆಫ್ ದ ರೋಡ್ಸ್ ನಿಯರ್ ದ ಮೆಟ್ರೋ ಸ್ಟೇಷನ್ಸ್ ಆರ್ ಪೂರ್’ ಎಂಬಂಥ ವಾಕ್ಯ ನುಸುಳಿಹೋಗುವ ಸಾಧ್ಯತೆ ಹೆಚ್ಚು, ಯಾಕೆಂದರೆ ‘ಆರ್’ ಪಕ್ಕದಲ್ಲೇ ಬಹುವಚನ ಕೂತಿದೆ. ‘ಆಫ್’ನಿಂದ ‘ಸ್ಟೇಷನ್ಸ್’ವರೆಗೆ ಬೆರಳಿನಿಂದ ಮುಚ್ಚಿ ಓದಿ: ಉಳಿಯುವುದು ‘ಕ್ವಾಲಿಟಿ ಆರ್’. ‘ಈಸ್’ ಬೇಕೆಂದು ಕಣ್ಣಿಗೇ ಹೊಡೆಯುತ್ತದೆ. ಬ್ಯಾಂಕಿಂಗ್, ಎಸ್‌ಎಸ್‌ಸಿ (ಕೇಂದ್ರ ಸರ್ಕಾರಿ ನೌಕರಿ) ಪರೀಕ್ಷೆಗಳ ತಪ್ಪು ಹುಡುಕುವ ಪ್ರಶ್ನೆಗಳಲ್ಲಿ ಬಲೆ ಹೆಣೆಯುವುದು ಇಲ್ಲೇ. ಅಲ್ಲಿ ಯಾವ ತಂತ್ರಾಂಶವೂ ಜೊತೆಗಿರುವುದಿಲ್ಲ, ಈ ಬೆರಳಿನ ಅಭ್ಯಾಸವೇ ಗತಿ.

ಅದಕ್ಕಿಂತ ಅಪಾಯದ್ದು ವ್ಯಾಕರಣ ಸರಿಯಿದ್ದೂ ಅರ್ಥ ಕೆಡುವ ವಾಕ್ಯ. ರೆಸ್ಯೂಮೆಯಲ್ಲಿ ‘ಐ ಯೂಸ್ಡ್ ಟು ಹ್ಯಾಂಡಲ್ ಕ್ಲೈಂಟ್ಸ್ ಡೈಲಿ’ ಅಂತ ಬರೆಯುವವರು ಬಹಳ. ಅವರ ತಲೆಯಲ್ಲಿರುವುದು ‘ದಿನಾ ಕ್ಲೈಂಟುಗಳನ್ನು ನೋಡ್ಕೊಳ್ತಿರ್ತೀನಿ’. ಓದಿದವರಿಗೆ ತಿಳಿಯುವುದು ಹಿಂದೆ ನೋಡಿಕೊಳ್ಳುತ್ತಿದ್ದರು, ಈಗ ಆ ಕೆಲಸ ಬಿಟ್ಟಿದ್ದಾರೆ ಎಂದು. ‘ಐ ಹ್ಯಾಂಡಲ್’ ಅಂದರೆ ಸಾಕಿತ್ತು. ಹಾಗೇ ‘ಐ ಹ್ಯಾವ್ ಫ್ಯೂ ಅಚೀವ್‌ಮೆಂಟ್ಸ್’ ಅಂದರೆ ಹೇಳಿಕೊಳ್ಳುವಂಥ ಸಾಧನೆ ಏನೂ ಇಲ್ಲ ಎಂದಾಗುತ್ತದೆ. ‘ಫ್ಯೂ’ಗೆ ಮೊದಲು ಒಂದು ‘ಎ’ ಸೇರಿದರೆ ಮಾತ್ರ ಒಂದಷ್ಟು ಇವೆ ಎಂಬ ಅರ್ಥ. ಇವೆರಡೂ ಶುದ್ಧ ವಾಕ್ಯಗಳೇ ಆದ್ದರಿಂದ ವ್ಯಾಕರಣದ ನಿಯಮಕ್ಕೆ ಹಿಡಿಯಲು ಏನೂ ಇಲ್ಲ. ಒಂದು ಅಕ್ಷರಕ್ಕೆ ಇಂಟರ್ವ್ಯೂ ಕೈತಪ್ಪಬಾರದು, ಈ ಎರಡನ್ನು ಕೈಯಾರೆ ಹುಡುಕಿ ನೋಡಿಯೇ ಕಳಿಸಿ.

‘ದ್ಯಾನ್’ ಬದಲು ‘ದೆನ್’ ಬರೆಯುವಂಥ ಗೊಂದಲಗಳನ್ನು ಇನ್ನೂ ಚೆನ್ನಾಗಿ ಹಿಡಿಯಲು ಎನ್-ಗ್ರಾಂ ಎಂಬ, ಯಾವ ಪದಗಳು ಎಷ್ಟು ಸಲ ಜೊತೆಯಾಗಿ ಬರುತ್ತವೆ ಎಂಬ ಲೆಕ್ಕದ ದತ್ತಾಂಶವನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು. ಇಂಗ್ಲಿಷಿಗೇ ಸುಮಾರು 8 ಜಿಬಿ. ಎಸ್‌ಎಸ್‌ಡಿ (ವೇಗದ ಡಿಸ್ಕ್) ಇಲ್ಲದ ಹಳೇ ಲ್ಯಾಪ್‌ಟಾಪಿನಲ್ಲಿ ಇದನ್ನು ಹಾಕಲು ಹೋಗಬೇಡಿ, ತೀರಾ ನಿಧಾನವಾಗುತ್ತದೆ. ಹಾಕುವುದಾದರೆ ಲ್ಯಾಂಗ್ವೇಜ್‌ಟೂಲಿನ ಆಪ್ಷನ್ಸ್‌ನಲ್ಲಿ ಆ ದತ್ತಾಂಶದ ‘ಇಎನ್’ (en) ಫೋಲ್ಡರನ್ನೇ ತೋರಿಸಬೇಡಿ. ಅದನ್ನು ಒಳಗಿಟ್ಟುಕೊಂಡಿರುವ ಫೋಲ್ಡರನ್ನು ತೋರಿಸಬೇಕು.

ಬರೀ ಮೊಬೈಲಿನಲ್ಲಿ ಬರೆಯುವವರಿಗೆ ಈ ವ್ಯವಸ್ಥೆ ಬೇಡ, ಗೂಗಲ್ ಡಾಕ್ಸ್‌ನ ತಪ್ಪು ತಿದ್ದುವ ಸೌಲಭ್ಯವೇ ಸಲೀಸು. ವರ್ಡ್ ಇರುವವರು ಎಫ್7 ಒತ್ತಿ ನೋಡಿ, ಅದರಲ್ಲಿ ತೃಪ್ತಿ ಸಿಗದಿದ್ದರೆ ಇಲ್ಲಿಗೆ ಬನ್ನಿ.